ನಷ್ಟದಲ್ಲೂ ಫ್ಯಾಬ್ ಕಟ್ಟುವುದೇಕೆ? ಫ್ಲ್ಯಾಶ್ ಮೆಮೊರಿಯ ಲೆಕ್ಕಾಚಾರ

ಪ್ರಶ್ನೆ: ಮೆಮೊರಿ ಚಿಪ್ ತಯಾರಕರ ಸುದ್ದಿಗಳನ್ನು ಕೆಲವು ವರ್ಷಗಳಿಂದ ಓದುತ್ತಿದ್ದೇನೆ. ಬೆಲೆ ಕುಸಿದು ಭಾರೀ ನಷ್ಟವಾಗಿದೆ ಎಂಬ ಸುದ್ದಿಯ ಪಕ್ಕದಲ್ಲೇ ಅದೇ ಕಂಪನಿ ಹೊಸ ಫ್ಯಾಬ್ (ಚಿಪ್ ಕಾರ್ಖಾನೆ) ಕಟ್ಟುತ್ತಿದೆ ಎಂಬ ಸುದ್ದಿಯೂ ಇರುತ್ತದೆ. ಜೊತೆಗೆ 232 ಪದರ, 321 ಪದರ ಎಂಬ ಪೈಪೋಟಿ. ಕೈಯಲ್ಲಿ ಕಾಸಿಲ್ಲದಾಗ ಹೂಡಿಕೆ ನಿಲ್ಲಿಸಿ ಕಾಯಬಾರದೇಕೆ? ಪದರ ಹೆಚ್ಚು ಇದ್ದವರೇ ಗೆಲ್ಲುತ್ತಾರೆಯೇ? ಬೆರಳೆಣಿಕೆಯ ಕಂಪನಿಗಳು ಮಾತ್ರ ಉಳಿದಿರುವುದೇಕೆ, ಹೊಸಬರು ಬರಲಾರರೇ?

ಉತ್ತರ: ಕಾಯಬಾರದೇಕೆ ಎಂಬುದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಗಂಟು ಬಿಚ್ಚಿದರೆ ಉಳಿದ ಎರಡೂ ಅರ್ಧ ಸಡಿಲಗೊಳ್ಳುತ್ತವೆ.

ಒಂದು ಸಣ್ಣ ಲೆಕ್ಕ. ಅಂಕಿಗಳನ್ನು ಸುಲಭಕ್ಕೆಂದು ನಾನೇ ಇಟ್ಟಿದ್ದೇನೆ, ಹದ ಮಾತ್ರ ಈ ಉದ್ಯಮದ್ದು. ಒಂದು ವೇಫರನ್ನು, ಅಂದರೆ ಚಿಪ್‌ಗಳನ್ನು ರೂಪಿಸುವ ಸಿಲಿಕಾನ್ ಬಿಲ್ಲೆಯನ್ನು, ಮುಗಿಸಲು ಲೆಕ್ಕಪತ್ರದಲ್ಲಿ ತೋರಿಸುವ ವೆಚ್ಚ ನೂರು ಎನ್ನಿ. ಅದರಲ್ಲಿ ಐವತ್ತು ಯಂತ್ರಗಳ ಸವಕಳಿ, ಅಂದರೆ ಎಂದೋ ಕೊಟ್ಟು ಮುಗಿದ ಹಣ. ಅನಿಲ, ರಾಸಾಯನಿಕ, ವಿದ್ಯುತ್ತು, ಸಂಬಳ ಎಂದು ಈಗ ಕೈಯಿಂದ ಹೋಗುವುದು ಉಳಿದ ಐವತ್ತು. ಬೆಲೆ ಕುಸಿದು ಆ ವೇಫರಿನ ಚಿಪ್‌ಗಳಿಗೆ ಎಂಬತ್ತಷ್ಟೇ ಸಿಕ್ಕಿತು. ಇಪ್ಪತ್ತು ನಷ್ಟ ಎನ್ನುತ್ತದೆ ಲೆಕ್ಕಪತ್ರ; ಪತ್ರಿಕೆಗಳೂ ಅದನ್ನೇ ಬರೆಯುತ್ತವೆ. ಆದರೆ ಗಲ್ಲಾಪೆಟ್ಟಿಗೆಗೆ ಮೂವತ್ತು ಬಿದ್ದಿದೆ. ಯಂತ್ರ ನಿಲ್ಲಿಸಿದರೆ ಆ ಮೂವತ್ತೂ ಇಲ್ಲ, ಸವಕಳಿಯ ಐವತ್ತು ಮಾತ್ರ ಕದಲದೆ ಕೂತಿರುತ್ತದೆ. ಆದ್ದರಿಂದ ಕಾರ್ಖಾನೆ ಇದ್ದವರು ಓಡಿಸುತ್ತಲೇ ಇರುತ್ತಾರೆ. ಎಲ್ಲರೂ ಓಡಿಸುವುದರಿಂದಲೇ ಬೆಲೆ ಇನ್ನಷ್ಟು ಇಳಿಯುತ್ತದೆ.

ಈಗ ಹೊಸ ತಲೆಮಾರಿನ ಚಿಪ್ ಬಂತೆನ್ನಿ. ಮೆಮೊರಿ ಕೋಶಗಳ ಪದರ ಹೆಚ್ಚಿಸಿ ಅದೇ ವೇಫರಿನಿಂದ ಒಂದೂವರೆ ಪಟ್ಟು ಬಿಟ್‌ ತೆಗೆಯಬಹುದು. ವೇಫರಿನ ವೆಚ್ಚ ನೂರರಿಂದ ನೂರ ಹದಿನೈದಕ್ಕೆ ಏರುತ್ತದೆ. ಲೆಕ್ಕ ಹಾಕಿ ನೋಡಿ, ಒಂದು ಬಿಟ್ಟಿನ ವೆಚ್ಚ ಸುಮಾರು ಶೇ 23ರಷ್ಟು ತಗ್ಗಿದೆ. ಈ ಹೆಜ್ಜೆ ಇಟ್ಟವನು ಕುಸಿದ ಬೆಲೆಯಲ್ಲೂ ಉಸಿರಾಡುತ್ತಾನೆ, ಇಡದವನಿಗೆ ಅದೇ ಬೆಲೆ ಉರುಳಾಗುತ್ತದೆ. ದತ್ತಾಂಶ ಕೇಂದ್ರಗಳಿಗೆ ಹೋಗುವ ಡ್ರೈವ್‌ಗಳಲ್ಲಿ ತಿಂಗಳುಗಟ್ಟಲೆ ಪರೀಕ್ಷೆ ನಡೆಯುತ್ತದೆ, ನಿಜ. ಆದರೆ ಫ್ಲ್ಯಾಶ್ ಚಿಪ್, ಅಂದರೆ ಕರೆಂಟು ಹೋದರೂ ದತ್ತಾಂಶ ಉಳಿಸಿಕೊಳ್ಳುವ ಮೆಮೊರಿ, ಮೂಲತಃ ಸರಕು. ಒಬ್ಬರದರ ಜಾಗದಲ್ಲಿ ಇನ್ನೊಬ್ಬರದು ಕೂರುತ್ತದೆ. ಕೊಳ್ಳುವವರು ಗಿಗಾಬೈಟಿಗೆ ಎಷ್ಟು ಎಂದು ಕೇಳಿ ಮುಂದೆ ಹೋಗುತ್ತಾರೆ. ಹೂಡಿಕೆ ಎಂಬುದು ಇಲ್ಲಿ ಕಣದಲ್ಲಿ ಉಳಿಯಲು ಕಟ್ಟುವ ಬಾಡಿಗೆ. ನಷ್ಟದ ವರ್ಷ ಬಾಡಿಗೆ ತಪ್ಪಿಸಿದರೆ ಲಾಭದ ವರ್ಷ ಬಂದಾಗ ಇರಲು ಮನೆಯೇ ಇರುವುದಿಲ್ಲ.

2023ನ್ನೇ ನೋಡಿ. ಆ ವರ್ಷ ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ವಿಭಾಗ ಸುಮಾರು 15 ಲಕ್ಷ ಕೋಟಿ ವಾನ್ ನಷ್ಟ ಕಂಡಿತು. ಅದೇ ವರ್ಷ ಅದೇ ವಿಭಾಗಕ್ಕೆ 48 ಲಕ್ಷ ಕೋಟಿ ವಾನ್‌ಗೂ ಹೆಚ್ಚು ಬಂಡವಾಳ ಸುರಿಯಿತು. ಅದರಲ್ಲಿ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ಡಿರ್‍ಯಾಮ್, ಫೌಂಡ್ರಿ (ಬೇರೆ ಕಂಪನಿಗಳಿಗೆ ಚಿಪ್ ತಯಾರಿಸಿಕೊಡುವ ಕೆಲಸ) ಎಲ್ಲವೂ ಸೇರಿವೆ, ಫ್ಲ್ಯಾಶ್‌ನದು ಒಂದು ಪಾಲು ಮಾತ್ರ. ಆದರೂ ಮನೋಭಾವ ಗೊತ್ತಾಗುತ್ತದೆ: ಎದುರಾಳಿ ಸೋತು ಕೂತಾಗಲೇ ಅಂತರ ಹಿಗ್ಗಿಸಬೇಕು. ಎಸ್‌ಕೆ ಹೈನಿಕ್ಸ್ ಎಂಬ ಕೊರಿಯಾದ ಇನ್ನೊಂದು ಮೆಮೊರಿ ಕಂಪನಿ ಇದಕ್ಕೆ ತದ್ವಿರುದ್ಧವಾಗಿ ಹೂಡಿಕೆಯನ್ನು ಅರ್ಧಕ್ಕಿಂತ ಹೆಚ್ಚು ಕತ್ತರಿಸಿತು. ಯಾರು ಜಾಣರು? ಫ್ಲ್ಯಾಶ್ ಒಂದನ್ನೇ ನೋಡಿದರೆ ತೀರ್ಪು ಕೊಡುವುದು ಕಷ್ಟ, ಏಕೆಂದರೆ ಹೈನಿಕ್ಸ್ ಉಳಿಸಿದ ಗಮನವನ್ನೆಲ್ಲ ಕೃತಕ ಬುದ್ಧಿಮತ್ತೆಯ ಪ್ರೊಸೆಸರ್‌ಗಳ ಪಕ್ಕ ಕೂರುವ ಎಚ್‌ಬಿಎಂ ಮೆಮೊರಿಯ ಮೇಲೆ ಇಟ್ಟು ಅಲ್ಲಿ ಮುಂದೆ ಹೋಯಿತು. ಒಂದೇ ತಿಜೋರಿಯಿಂದ ಎರಡು ಮಕ್ಕಳ ಖರ್ಚು ನಡೆಯುವ ಮನೆ ಇದು. ಯಾವ ಮಗುವಿಗೆ ಎಷ್ಟು ಎಂಬ ತಗಾದೆ ಪ್ರತಿ ವರ್ಷವೂ ಇರುತ್ತದೆ.

ಫ್ಯಾಬ್ ನಿಲ್ಲಿಸುವುದೆಂದರೆ ನಲ್ಲಿ ತಿರುಗಿಸಿದಂತೆ ಎಂದು ಹೊರಗಿನವರು ಭಾವಿಸುತ್ತಾರೆ. ಜಪಾನಿನ ಮಿಯೆ ಪ್ರಾಂತದ ಯೊಕ್ಕೈಚಿಯಲ್ಲಿ ಜಗತ್ತಿನ ಅತಿ ದೊಡ್ಡ ಫ್ಲ್ಯಾಶ್ ಸಮುಚ್ಚಯಗಳಲ್ಲೊಂದಿದೆ. 2010ರ ಡಿಸೆಂಬರಿನಲ್ಲಿ ಅಲ್ಲಿ ವೋಲ್ಟೇಜ್ ಕುಸಿದದ್ದು 0.07 ಸೆಕೆಂಡು ಮಾತ್ರ. ಕಣ್ಣು ಮಿಟುಕಿಸಲೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಮುಂದಿನ ಎರಡು ತಿಂಗಳ ಸರಬರಾಜು ಶೇ 20ರವರೆಗೆ ತಗ್ಗಬಹುದು ಎಂದು ಆಗ ಅದನ್ನು ನಡೆಸುತ್ತಿದ್ದ ತೋಷಿಬಾ ಅಂದಾಜಿಸಿತು. 2019ರ ಜೂನ್ 15ರಂದು ಅದೇ ಜಾಗದಲ್ಲಿ 13 ನಿಮಿಷ ವಿದ್ಯುತ್ ಹೋಯಿತು. ಪಾಲುದಾರ ಕಂಪನಿ ವೆಸ್ಟರ್ನ್ ಡಿಜಿಟಲ್ ತನ್ನ ಕಡೆಯಿಂದ ಲೆಕ್ಕ ಹಾಕಿದ ಕೊರತೆ ಸುಮಾರು 6 ಎಕ್ಸಾಬೈಟ್. ಒಂದು ಎಕ್ಸಾಬೈಟ್ ಎಂದರೆ ನೂರು ಕೋಟಿ ಗಿಗಾಬೈಟ್. ವೇಫರ್ ಒಂದು ಒಳಗೆ ಹೋದರೆ ಹೊರಗೆ ಬರಲು ತಿಂಗಳುಗಳೇ ಬೇಕು. ಕರೆಂಟು ಹೋದ ಆ ಕ್ಷಣದಲ್ಲಿ ಫರ್ನೇಸಿನಲ್ಲಿ ಅರ್ಧ ಬೆಂದದ್ದು, ಪ್ಲಾಸ್ಮಾದಲ್ಲಿ ಅರ್ಧ ಕೊರೆದದ್ದು, ಆಮ್ಲದಲ್ಲಿ ಮುಳುಗಿದ್ದು, ಹೀಗೆ ಯಾವ ವೇಫರ್ ಎಲ್ಲಿತ್ತೋ ಅಲ್ಲೇ ಕೆಟ್ಟಿರುತ್ತದೆ. ಬೆಲೆ ಕುಸಿದಾಗ ಕಂಪನಿಗಳು ‘ಉತ್ಪಾದನೆ ಕಡಿತ’ ಎನ್ನುವುದು ಹೊಸ ವೇಫರ್‌ಗಳನ್ನು ಒಳಗೆ ಬಿಡುವುದನ್ನು ತಗ್ಗಿಸುವುದಕ್ಕೆ. 2022ರ ಅಕ್ಟೋಬರಿನಿಂದ ಕಿಯೋಕ್ಸಿಯಾ (ತೋಷಿಬಾದ ಮೆಮೊರಿ ವಿಭಾಗದ ಈಗಿನ ಹೆಸರು) ಸುಮಾರು ಶೇ 30ರಷ್ಟು ತಗ್ಗಿಸಿತು. ಅದರ ಪರಿಣಾಮ ಪೇಟೆಗೆ ಮುಟ್ಟುವ ಹೊತ್ತಿಗೆ ಇನ್ನೆರಡು ತ್ರೈಮಾಸಿಕಗಳ ಕೆಟ್ಟ ಸುದ್ದಿ ಬಂದಾಗಿರುತ್ತದೆ.

ಇನ್ನು ಪದರಗಳ ಮಾತು. ನನ್ನ ವೃತ್ತಿಜೀವನದ ಬಹುಪಾಲು ಕಳೆದದ್ದು ಎಚಿಂಗ್ ಯಂತ್ರಗಳ, ಅಂದರೆ ವೇಫರ್ ಕೊರೆಯುವ ಯಂತ್ರಗಳ, ಎದುರಿಗೇ ಆದ್ದರಿಂದ ಇಲ್ಲಿ ಸ್ವಲ್ಪ ಲಂಬಿಸುತ್ತೇನೆ, ಕ್ಷಮಿಸಿ.

ತೋಷಿಬಾದಲ್ಲಿದ್ದ ಫುಜಿಯೊ ಮಸುವೊಕಾ ಫ್ಲ್ಯಾಶ್ ಮೆಮೊರಿಯನ್ನು ಜಗತ್ತಿನ ಮುಂದಿಟ್ಟದ್ದು 1984ರಲ್ಲಿ, ಇಲ್ಲಿ ನಾವು ಮಾತಾಡುತ್ತಿರುವ ನ್ಯಾಂಡ್ ಬಗೆಯನ್ನು 1987ರಲ್ಲಿ. ಅಲ್ಲಿಂದ ಸುಮಾರು ಕಾಲು ಶತಮಾನ ಆಟ ಸರಳವಾಗಿತ್ತು: ಬಿಟ್‌ಗಳನ್ನು ಹಿಡಿದಿಡುವ ಕೋಶಗಳನ್ನು ಚಿಕ್ಕದು ಮಾಡುತ್ತ ಹೋಗಿ, ಅದೇ ಜಾಗದಲ್ಲಿ ಹೆಚ್ಚು ತುಂಬಿ. 15 ನ್ಯಾನೊಮೀಟರ್ ಆಸುಪಾಸಿಗೆ ಬಂದಾಗ ಒಂದೊಂದು ಕೋಶದಲ್ಲೂ ಎಣಿಸಿಡಬಹುದಾದಷ್ಟೇ ಎಲೆಕ್ಟ್ರಾನ್‌ಗಳು ಉಳಿದವು. ನಾಲ್ಕಾರು ಸೋರಿಹೋದರೆ ದತ್ತಾಂಶವೇ ಹೋಯಿತು. ಪಕ್ಕಪಕ್ಕದ ಕೋಶಗಳು ಒಂದರ ಮಾತಿನಲ್ಲಿ ಇನ್ನೊಂದು ಬಾಯಿ ಹಾಕತೊಡಗಿದವು. ಅಗಲದಲ್ಲಿ ಜಾಗವಿಲ್ಲದಾಗ ಎತ್ತರಕ್ಕೆ ಹೋಗುವ ದಾರಿಯನ್ನು ತೋಷಿಬಾ 2007ರಲ್ಲೇ ತೋರಿಸಿತ್ತು. ಅದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಿಸಿ ಪೇಟೆಗೆ ಇಳಿಸಿದ್ದು 2013ರ ಆಗಸ್ಟಿನಲ್ಲಿ 24 ಪದರಗಳೊಂದಿಗೆ ಸ್ಯಾಮ್‌ಸಂಗ್. ಕಂಡುಹಿಡಿದವರು ಒಬ್ಬರು, ಕಾಸು ಮಾಡಿದವರು ಇನ್ನೊಬ್ಬರು ಎಂಬುದು ಈ ಉದ್ಯಮದಲ್ಲಿ ಮತ್ತೆ ಮತ್ತೆ ಕಾಣುವ ಕಥೆ.

ಎತ್ತರಕ್ಕೆ ಹೋಗುವುದೆಂದರೆ ಒಂದರ ಮೇಲೊಂದು ಚಿಪ್ ತಯಾರಿಸುವುದಲ್ಲ. ಹಾಗೆ ಮಾಡಿದರೆ ವೆಚ್ಚವೂ ಅಷ್ಟೇ ಪಟ್ಟು ಏರುತ್ತಿತ್ತು. ಸಿಲಿಕಾನ್ ಆಕ್ಸೈಡ್ ಒಂದು ಪದರ, ಸಿಲಿಕಾನ್ ನೈಟ್ರೈಡ್ ಒಂದು ಪದರ ಎಂದು ನೂರಾರು ತೆಳು ಪದರಗಳನ್ನು ಮೊದಲು ಹಾಸಿ, ಆಮೇಲೆ ಮೇಲಿನಿಂದ ತಳದವರೆಗೆ ಒಂದೇ ಸಲಕ್ಕೆ ರಂಧ್ರ ಕೊರೆಯುತ್ತಾರೆ. ರಂಧ್ರದ ಒಳಗೋಡೆಗೆ ವಿದ್ಯುದಾವೇಶ ಹಿಡಿಯುವ ಪೊರೆ ಬಳಿಯುತ್ತಾರೆ. ನೈಟ್ರೈಡನ್ನು ಕರಗಿಸಿ ತೆಗೆದು ಆ ಖಾಲಿ ಜಾಗಕ್ಕೆ ಟಂಗ್‌ಸ್ಟನ್ ತುಂಬುತ್ತಾರೆ. ರಂಧ್ರವೂ ಪದರವೂ ಕೂಡುವ ಪ್ರತಿ ಜಾಗವೂ ಒಂದು ಕೋಶ. ರಂಧ್ರದ ಅಗಲ ಸುಮಾರು ನೂರು ನ್ಯಾನೊಮೀಟರ್, ಆಳ ಅದರ ಹತ್ತಾರು ಪಟ್ಟು. ಒಂದು ಅಡಿ ಅಗಲದ ಕೊಳವೆಬಾವಿಯನ್ನು ಅರವತ್ತು ಅಡಿ ಆಳಕ್ಕೆ, ಎಲ್ಲೂ ವಾಲದಂತೆ, ತಳದಲ್ಲೂ ಅಷ್ಟೇ ಅಗಲ ಉಳಿಯುವಂತೆ ಕೊರೆದಂತೆ. ಅಂಥವು ಒಂದೇ ವೇಫರಿನ ಮೇಲೆ ಲಕ್ಷ ಕೋಟಿಗೂ ಮೀರಿ ಇರುತ್ತವೆ.

ಕೆಟ್ಟ ರಂಧ್ರ ಹೇಗಿರುತ್ತದೆ ಎಂಬುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ನಾನು ಸಾಕಾಗುವಷ್ಟು ನೋಡಿದ್ದೇನೆ. ಮೇಲಿನ ಮೂರನೇ ಎರಡು ಭಾಗ ಕಂಬ ನಿಲ್ಲಿಸಿದ ಹಾಗೆ ನೆಟ್ಟಗೆ. ತಳದ ಹತ್ತಿರ ಮಾತ್ರ ಒಂದು ಬದಿಗೆ ವಾಲಿ, ಪಕ್ಕದ ರಂಧ್ರದ ಹೆಗಲಿಗೆ ತಾಗಿರುತ್ತದೆ. ಕೆಲವು ತಳ ಮುಟ್ಟುವ ಮೊದಲೇ ಮೊನಚಾಗಿ ನಿಂತುಬಿಟ್ಟಿರುತ್ತವೆ. ಆಳಕ್ಕೆ ಇಳಿದಂತೆ ಅಯಾನುಗಳು ಕೆಳಗೆ ಮುಟ್ಟುವುದು, ಕೊರೆದ ಕಸ ಮೇಲೆ ಬರುವುದು ಎರಡೂ ನಿಧಾನವಾಗುತ್ತವೆ. ಆಳ ಎರಡು ಪಟ್ಟಾದರೆ ಕೊರೆಯುವ ಹೊತ್ತು ಎರಡು ಪಟ್ಟಿಗಿಂತ ಹೆಚ್ಚು. ವೇಫರನ್ನು ಅತಿ ಶೀತದಲ್ಲಿಟ್ಟು ಕೊರೆಯುವ ಯಂತ್ರಗಳಿಗೆ ಈಗ ಬೇಡಿಕೆ ಹುಟ್ಟಿರುವುದು ಇದಕ್ಕಾಗಿಯೇ. ಲಾಜಿಕ್ ಚಿಪ್‌ಗಳಲ್ಲಿ (ಪ್ರೊಸೆಸರಿನಂಥವು) ದುಡ್ಡು ಹೋಗುವುದು ಬೆಳಕಿನಿಂದ ವಿನ್ಯಾಸ ಮೂಡಿಸುವ ಲಿಥೊಗ್ರಫಿ ಯಂತ್ರಕ್ಕೆ. ಫ್ಲ್ಯಾಶ್‌ನಲ್ಲಿ ಹೋಗುವುದು ಪದರ ಹಾಸುವ ಮತ್ತು ಕೊರೆಯುವ ಯಂತ್ರಗಳಿಗೆ.

ಹೆಚ್ಚು ಪದರದಿಂದ ಲಾಭ ಇಲ್ಲವೆಂದಲ್ಲ. 2019ರಲ್ಲಿ ಸ್ಯಾಮ್‌ಸಂಗ್ ತನ್ನ ಆರನೇ ತಲೆಮಾರಿನ ಚಿಪ್ ತಂದಾಗ, 136 ಪದರಗಳನ್ನು ಒಂದೇ ಸಲ ಕೊರೆದು, 256 ಗಿಗಾಬಿಟ್ ಚಿಪ್‌ಗೆ ಬೇಕಾದ ರಂಧ್ರಗಳನ್ನು 93 ಕೋಟಿಯಿಂದ 67 ಕೋಟಿಗೆ ಇಳಿಸಿದೆವು ಎಂದು ಹೇಳಿಕೊಂಡಿತು. ಪ್ರತಿ ರಂಧ್ರದಲ್ಲಿ ಹೆಚ್ಚು ಕೋಶ ಸಿಕ್ಕರೆ ರಂಧ್ರಗಳು ಕಡಿಮೆ ಸಾಕು, ಚಿಪ್ ಚಿಕ್ಕದಾಗುತ್ತದೆ, ವೇಫರಿಗೆ ಹೆಚ್ಚು ಚಿಪ್ ಬರುತ್ತವೆ. ಆದರೆ ಒಂದು ಎತ್ತರ ದಾಟಿದ ಮೇಲೆ ಒಂದೇ ಸಲ ಕೊರೆಯಲಾಗದು. ಅರ್ಧ ಹಾಸಿ, ಕೊರೆದು, ಅದರ ಮೇಲೆ ಇನ್ನರ್ಧ ಹಾಸಿ ಮತ್ತೆ ಕೊರೆಯಬೇಕು; ಮೇಲಿನ ರಂಧ್ರ ಕೆಳಗಿನ ರಂಧ್ರದ ನೆತ್ತಿಗೆ ಸರಿಯಾಗಿ ಕೂರಬೇಕು. 2024ರ ನವೆಂಬರಿನಲ್ಲಿ ತಯಾರಿಕೆ ಶುರುವಾಗಿದೆ ಎಂದು ಎಸ್‌ಕೆ ಹೈನಿಕ್ಸ್ ಪ್ರಕಟಿಸಿದ 321 ಪದರದ ಚಿಪ್ ಹೀಗೆ ಮೂರು ಅಂತಸ್ತುಗಳಲ್ಲಿ ಕೊರೆದದ್ದು. ಅಂತಸ್ತು ಹೆಚ್ಚಿದಷ್ಟೂ ಕೆಲಸ ಹೆಚ್ಚು, ಇಳುವರಿ (ಕೆಡದೆ ಬರುವ ಚಿಪ್‌ಗಳ ಪಾಲು) ಕೈಕೊಡುವ ಸಂದರ್ಭವೂ ಹೆಚ್ಚು. ಆದ್ದರಿಂದ ಪದರದ ಸಂಖ್ಯೆ ಎಂಬುದು ನನ್ನ ದೃಷ್ಟಿಯಲ್ಲಿ ಅಂಗಡಿಯ ಮುಂದಿನ ಫಲಕ. ಒಳಗಿನ ವ್ಯಾಪಾರ ತಿಳಿಯಲು ಚದರ ಮಿಲಿಮೀಟರಿಗೆ ಎಷ್ಟು ಗಿಗಾಬಿಟ್, ವೇಫರಿಗೆ ಎಷ್ಟು ಒಳ್ಳೆಯ ಚಿಪ್ ಎಂದು ಕೇಳಬೇಕು. ಮೊದಲನೆಯದನ್ನು ತಜ್ಞ ಸಮ್ಮೇಳನಗಳಲ್ಲಿ ಹೇಳುತ್ತಾರೆ. ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಸಾಕ್ಷಿ ಬೇಕೆಂದರೆ ಸೊಲಿಡೈಮ್ ಇದೆ. ಇಂಟೆಲ್‌ನ ಫ್ಲ್ಯಾಶ್ ವ್ಯವಹಾರವನ್ನು 900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಎಸ್‌ಕೆ ಹೈನಿಕ್ಸ್ 2020ರಲ್ಲಿ ಪ್ರಕಟಿಸಿತು; ಮೊದಲ ಕಂತು 2021ರ ಕೊನೆಗೆ ಮುಗಿದು ಹುಟ್ಟಿದ ಕಂಪನಿ ಅದು. ಮುಂದಿನ ವರ್ಷವೇ ಬೆಲೆ ನೆಲಕಚ್ಚಿತು. ದುಬಾರಿ ಬೆಲೆ ಕೊಟ್ಟು ಹಳೆಯ ತಂತ್ರಜ್ಞಾನ ಕೊಂಡರು ಎಂದು ನಕ್ಕವರಲ್ಲಿ ನಾನೂ ಒಬ್ಬ. ಉಳಿದವರು 232 ಪದರ ಎನ್ನುತ್ತಿದ್ದಾಗ ಸೊಲಿಡೈಮ್ ಕೈಯಲ್ಲಿದ್ದದ್ದು 192 ಪದರ. ಆದರೆ ಅದು ಒಂದು ಕೋಶದಲ್ಲಿ ನಾಲ್ಕು ಬಿಟ್ ಇಡುವ ಬಗೆ. ಹದಿನಾರು ವೋಲ್ಟೇಜ್ ಮಟ್ಟಗಳನ್ನು ಗೊಂದಲವಿಲ್ಲದೆ ಗುರುತಿಸಬೇಕು. ಅದರಿಂದಲೇ 2023ರಲ್ಲಿ 61.44 ಟೆರಾಬೈಟಿನ ಡ್ರೈವ್ ಬಂತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಕಡಿಮೆ ಜಾಗದಲ್ಲಿ, ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಸಂಗ್ರಹ ಹುಡುಕತೊಡಗಿದಾಗ ಕೈಗೆ ಸಿಕ್ಕದ್ದು ಅದೇ. ನಗು ಹಿಂತೆಗೆದುಕೊಂಡೆ.

ನಿಮ್ಮ ಪ್ರಶ್ನೆಯಲ್ಲಿ ಸಿಕ್ಕಿಬಿದ್ದಿರುವ ಇನ್ನೊಂದು ಸೂಕ್ಷ್ಮ ಇದೆ. ‘ಹೊಸ ಫ್ಯಾಬ್’ ಎಂದರೆ ಉತ್ಪಾದನೆ ಹೆಚ್ಚುತ್ತದೆ ಎಂದೇ ಎಲ್ಲರೂ ಓದುತ್ತಾರೆ. ಪದರ ಹೆಚ್ಚಿದಾಗ ಪ್ರತಿ ವೇಫರೂ ಹಾಸುವ, ಕೊರೆಯುವ ಯಂತ್ರಗಳಲ್ಲಿ ಹೆಚ್ಚು ಹೊತ್ತು ಕೂರುತ್ತದೆ. ಅದೇ ಸಂಖ್ಯೆಯ ವೇಫರ್ ಮುಗಿಸಲು ಹೆಚ್ಚು ಯಂತ್ರ ಬೇಕು, ಯಂತ್ರಗಳು ಕೂರುವ, ಧೂಳಿಲ್ಲದ ಕ್ಲೀನ್ ರೂಮಿನ ನೆಲ ಮಾತ್ರ ಇದ್ದಷ್ಟೇ. ಹಾಗಾಗಿ ಹಳೆಯ ಕಟ್ಟಡದಲ್ಲಿ ಹೊಸ ತಲೆಮಾರಿಗೆ ಬದಲಾದರೆ ತಿಂಗಳಿಗೆ ಬರುವ ವೇಫರ್ ಕಡಿಮೆಯಾಗುತ್ತವೆ. ಎಷ್ಟೋ ಸಲ ಹೊಸ ಕಟ್ಟಡ ಮೇಲೇಳುವುದು ಇದ್ದ ವೇಫರ್ ಸಂಖ್ಯೆಯನ್ನು ಕಾಪಾಡಿಕೊಳ್ಳಲು. ಕಟ್ಟಡ ಮುಗಿಯಲು ಎರಡು ವರ್ಷ ಬೇಕಾಗುವುದರಿಂದ ಮೊದಲೇ ಗೋಡೆ ಕಟ್ಟಿಟ್ಟು, ಯಂತ್ರಗಳನ್ನು ಬೇಡಿಕೆ ನೋಡಿ ತರಿಸುವವರೂ ಇದ್ದಾರೆ. ಗೋಡೆ ಅಗ್ಗ, ಯಂತ್ರ ದುಬಾರಿ.

ಇಷ್ಟೆಲ್ಲ ಖರ್ಚನ್ನು ಒಂಟಿಯಾಗಿ ಹೊರಲಾರದವರು ಜೊತೆಗೂಡಿದರು. ಯೊಕ್ಕೈಚಿಯ ಏರ್ಪಾಡು ಅದೇ: ತೋಷಿಬಾ ಮತ್ತು ಸ್ಯಾನ್‌ಡಿಸ್ಕ್ (ಇದನ್ನು ಆಮೇಲೆ ವೆಸ್ಟರ್ನ್ ಡಿಜಿಟಲ್ ಕೊಂಡಿತು) ಯಂತ್ರಗಳ ಖರ್ಚು ಹಂಚಿಕೊಂಡು ಚಿಪ್‌ಗಳನ್ನೂ ಹಂಚಿಕೊಳ್ಳುತ್ತಿದ್ದವು, ಹೊರಗೆ ಬಂದ ಮೇಲೆ ಪೇಟೆಯಲ್ಲಿ ಎದುರಾಳಿಗಳು. ಒಪ್ಪಂದದ ಪ್ರಕಾರ ಪಾಲುದಾರ ತನ್ನ ಪಾಲಿನ ಚಿಪ್ ತೆಗೆದುಕೊಳ್ಳದಿದ್ದರೂ ಸ್ಥಿರ ವೆಚ್ಚದ ಅರ್ಧ ಕೊಡಲೇಬೇಕು. ಬೆಲೆ ಕುಸಿದ ವರ್ಷ ಇದು ಅತ್ತ ದರಿ ಇತ್ತ ಪುಲಿ. ಇಂಟೆಲ್ ಮತ್ತು ಮೈಕ್ರಾನ್ 2005ರಲ್ಲಿ ಇಂಥದೇ ಜಂಟಿ ಕಂಪನಿ ಮಾಡಿ, ಕೆಲವು ತಲೆಮಾರುಗಳ ನಂತರ ಬೇರೆಯಾದವು. ತೋಷಿಬಾದ ಕಥೆ ಮಾತ್ರ ನೋವಿನದು. ಅದನ್ನು ಮುಳುಗಿಸಿದ್ದು ಫ್ಲ್ಯಾಶ್ ಅಲ್ಲ, ಅಮೆರಿಕದ ಅಣು ವಿದ್ಯುತ್ ವ್ಯವಹಾರ. 2017ರಲ್ಲಿ ಅದರ ವೆಸ್ಟಿಂಗ್‌ಹೌಸ್ ದಿವಾಳಿಯಾಯಿತು. ಆ ಗುಂಡಿ ಮುಚ್ಚಲು, ಮನೆಯಲ್ಲಿ ದುಡಿಯುತ್ತಿದ್ದ ಮಗನನ್ನೇ ಒತ್ತೆ ಇಟ್ಟಂತೆ, ಮೆಮೊರಿ ವಿಭಾಗವನ್ನು ಸುಮಾರು 2 ಲಕ್ಷ ಕೋಟಿ ಯೆನ್‌ಗೆ ಹೂಡಿಕೆ ಸಂಸ್ಥೆ ಬೈನ್ ಕ್ಯಾಪಿಟಲ್ ನೇತೃತ್ವದ ಕೂಟಕ್ಕೆ ಮಾರಿತು. 2018ರ ಜೂನಿನಲ್ಲಿ ವ್ಯವಹಾರ ಮುಗಿಯಿತು. ಮರುವರ್ಷ ಹೆಸರು ಕಿಯೋಕ್ಸಿಯಾ. ಕೊಂಡವರ ಕೂಟದಲ್ಲಿ ಎದುರಾಳಿ ಎಸ್‌ಕೆ ಹೈನಿಕ್ಸ್ ಕೂಡ ಇತ್ತು. ಅದೇ ಮುಂದೆ ಕಿಯೋಕ್ಸಿಯಾ ಮತ್ತು ವೆಸ್ಟರ್ನ್ ಡಿಜಿಟಲ್‌ನ ಫ್ಲ್ಯಾಶ್ ವಿಭಾಗ ಒಂದಾಗುವ ಮಾತುಕತೆಗೆ ಒಪ್ಪದೆ ಹೋಯಿತು, 2023ರಲ್ಲಿ ಮಾತುಕತೆ ಮುರಿದುಬಿತ್ತು. ಕಿಯೋಕ್ಸಿಯಾ 2024ರ ಡಿಸೆಂಬರಿನಲ್ಲಿ ಟೋಕಿಯೊ ಷೇರುಪೇಟೆಗೆ ಬಂತು. ಸ್ಯಾನ್‌ಡಿಸ್ಕ್ 2025ರ ಫೆಬ್ರುವರಿಯಲ್ಲಿ ಮತ್ತೆ ಸ್ವತಂತ್ರವಾಯಿತು. ಕಾರ್ಖಾನೆಯಲ್ಲಿ ಇಬ್ಬರೂ ಈಗಲೂ ಪಾಲುದಾರರೇ.

ಹೀಗೆ ಉಳಿದವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಕಿಯೋಕ್ಸಿಯಾ ಮತ್ತು ಸ್ಯಾನ್‌ಡಿಸ್ಕ್ ಜೋಡಿ, ಮೈಕ್ರಾನ್. ಹೊಸಬರು ಬರಲಾರರೇ ಎಂದರೆ, ಒಬ್ಬರು ಬಂದಿದ್ದಾರೆ. ಚೀನಾದ ವುಹಾನ್‌ನಲ್ಲಿ 2016ರಲ್ಲಿ ಶುರುವಾದ ವೈಎಂಟಿಸಿ. ಸರ್ಕಾರದ ಹಣ ಹಿಂದಿತ್ತು ಎಂಬುದು ಅರ್ಧ ಉತ್ತರ. ಕೋಶಗಳನ್ನು ಒಂದು ವೇಫರಿನಲ್ಲೂ ಅವನ್ನು ನಿಯಂತ್ರಿಸುವ ಸರ್ಕಿಟ್‌ಗಳನ್ನು ಇನ್ನೊಂದು ವೇಫರಿನಲ್ಲೂ ತಯಾರಿಸಿ, ಎರಡನ್ನೂ ಮುಖಕ್ಕೆ ಮುಖ ಅಂಟಿಸುವ ದಾರಿಯನ್ನು ಅದು 2018ರಲ್ಲೇ ಮುಂದಿಟ್ಟಿತು. ಕೋಶಗಳಿಗೆ ಬೇಕಾದ ಬಿಸಿ ಸರ್ಕಿಟ್‌ಗಳನ್ನು ಕೆಡಿಸುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಹದಗೊಳಿಸಬಹುದು. ಕೆಲವು ವರ್ಷಗಳ ನಂತರ ಕಿಯೋಕ್ಸಿಯಾ ತನ್ನ 218 ಪದರದ ಚಿಪ್‌ನಲ್ಲಿ ವೇಫರ್ ಅಂಟಿಸುವ ದಾರಿಗೇ ಬಂತು. 2022ರಲ್ಲಿ ವೈಎಂಟಿಸಿಯ 232 ಪದರದ ಚಿಪ್ ಪೇಟೆಯಲ್ಲಿ ಕಾಣಿಸಿಕೊಂಡಿತು. ಆ ಅಕ್ಟೋಬರಿನಲ್ಲೇ ಅಮೆರಿಕ, 128 ಪದರ ಮತ್ತು ಅದಕ್ಕಿಂತ ಮೇಲಿನ ಫ್ಲ್ಯಾಶ್ ತಯಾರಿಸುವ ಚೀನಾದ ಕಾರ್ಖಾನೆಗಳಿಗೆ ಯಂತ್ರ ಹೋಗದಂತೆ ನಿಯಮ ತಂದಿತು. ಡಿಸೆಂಬರಿನಲ್ಲಿ ಕಂಪನಿಯನ್ನು ನಿರ್ಬಂಧದ ಪಟ್ಟಿಗೆ ಸೇರಿಸಿತು. ಕೊರೆಯುವ ಯಂತ್ರ ಕೊಡುವವರು ಅಮೆರಿಕ ಮತ್ತು ಜಪಾನಿನ ಕೆಲವೇ ಕಂಪನಿಗಳು ಎಂಬುದನ್ನು ನೆನೆದರೆ ಈ ಪೆಟ್ಟು ಎಲ್ಲಿಗೆ ಬಿತ್ತು ಎಂಬುದು ತಿಳಿಯುತ್ತದೆ.

ಪೆಟ್ಟಿನ ಕಿಡಿ ಬೇರೆಯವರಿಗೂ ತಾಗಿತು. ಸ್ಯಾಮ್‌ಸಂಗ್‌ನ ದೊಡ್ಡ ಫ್ಲ್ಯಾಶ್ ಕಾರ್ಖಾನೆ ಇರುವುದು ಚೀನಾದ ಶಿಯಾನ್‌ನಲ್ಲಿ, 2014ರಿಂದ. ಇಂಟೆಲ್‌ನಿಂದ ಹೈನಿಕ್ಸ್‌ಗೆ ಬಂದ ಫ್ಯಾಬ್ ದಾಲಿಯನ್‌ನಲ್ಲಿ. ಅವಕ್ಕೆ ಯಂತ್ರ ತರಿಸಲು 2023ರಲ್ಲಿ ಕೊಟ್ಟ ಮುಕ್ತ ಅನುಮತಿಯನ್ನು ಹಿಂಪಡೆಯುವುದಾಗಿ ಅಮೆರಿಕ 2025ರ ಆಗಸ್ಟಿನಲ್ಲಿ ಹೇಳಿತು. ಜಪಾನ್ ಸರ್ಕಾರ ತನ್ನ ಕಡೆಯಿಂದ ಯೊಕ್ಕೈಚಿಗೆ 2022ರಲ್ಲಿ 9,290 ಕೋಟಿ ಯೆನ್‌ವರೆಗೆ, 2024ರಲ್ಲಿ ಯೊಕ್ಕೈಚಿ ಮತ್ತು ಅದೇ ಜೋಡಿಯ ಇನ್ನೊಂದು ಕಾರ್ಖಾನೆ ಇರುವ ಕಿಟಕಾಮಿ ಎರಡಕ್ಕೂ ಸೇರಿ 15,000 ಕೋಟಿ ಯೆನ್‌ವರೆಗೆ ಸಹಾಯಧನ ಘೋಷಿಸಿತು. ಬಾಡಿಗೆಯ ಒಂದು ಪಾಲನ್ನು ಈಗ ಖಜಾನೆಗಳು ಕಟ್ಟುತ್ತಿವೆ ಎಂದಾಯಿತು. ಹಣ ಹಾಕಿದ ಸರ್ಕಾರ ತನ್ನ ಕಂಪನಿ ಮುಳುಗಲು ಸುಲಭಕ್ಕೆ ಬಿಡುವುದಿಲ್ಲ, ಆದ್ದರಿಂದ ಸೋತವರು ಕಣ ಬಿಟ್ಟು ಹೋಗಿ ಬೆಲೆ ಚೇತರಿಸಿಕೊಳ್ಳುವ ಹಳೆಯ ರೂಢಿ ಇನ್ನು ಮುಂದೆ ಅಷ್ಟು ಸರಾಗವಾಗಿ ನಡೆಯಲಾರದು ಎಂಬುದು ನನ್ನ ಅಂದಾಜು.

ಮುಂದಿನ ಸಲ ಇಂಥ ಸುದ್ದಿ ಓದುವಾಗ ಪದರದ ಸಂಖ್ಯೆ ಬಿಟ್ಟು ಮೂರು ವಿಷಯ ಹುಡುಕಿ. ಹೂಡಿಕೆ ಹೋಗುತ್ತಿರುವುದು ಗೋಡೆಗೋ ಯಂತ್ರಕ್ಕೋ? ಯಂತ್ರಕ್ಕಾದರೆ ಹಳೆಯ ಸಾಲುಗಳನ್ನು ಬದಲಿಸಲೋ, ಹೊಸ ವೇಫರ್ ಸೇರಿಸಲೋ? ಕಂಪನಿಯ ಗೋದಾಮಿನಲ್ಲಿ ಎಷ್ಟು ವಾರಗಳ ಸರಕು ಬಿದ್ದಿದೆ? 2023ರ ಹೊಡೆತದ ನಂತರ ಎಲ್ಲರೂ ಫ್ಲ್ಯಾಶ್‌ಗೆ ಕೈ ಬಿಗಿ ಹಿಡಿದು, ಇದ್ದ ಹಣವನ್ನು ಎಚ್‌ಬಿಎಂ ಮತ್ತು ಡಿರ್‍ಯಾಮ್ ಕಡೆ ತಿರುಗಿಸಿದ್ದರು. ದತ್ತಾಂಶ ಕೇಂದ್ರಗಳ ಬೇಡಿಕೆ ಬಂದು 2025ರ ಕೊನೆಗೆ ಬೆಲೆ ಜಿಗಿದಾಗ, ಮರುದಿನವೇ ಕೊಡಲು ಯಾರ ಬಳಿಯೂ ಹೆಚ್ಚುವರಿ ವೇಫರ್ ಇರಲಿಲ್ಲ.